ಅತಿಥಿಯೂ ಪರದೇಶಿಯೂ

ಹೊರಗಿನಿಂದ ಬಂದವನಿಗೆ ಕನ್ನಡದಲ್ಲಿ ಎರಡು ಹೆಸರುಗಳುಂಟು. ಒಂದು ಅತಿಥಿ, ಇನ್ನೊಂದು ಪರದೇಶಿ. ಮೊದಲನೆಯ ಹೆಸರಿನವನು ಬಂದರೆ ಕಾಲಿಗೆ ನೀರು, ಕುಳಿತುಕೊಳ್ಳಲು ಮಣೆ, ಉಣ್ಣಲು ಎಲೆ. ಎರಡನೆಯ ಹೆಸರಿನವನಿಗೆ ಜಗಲಿಯ ಅಂಚು ದೊರೆತರೆ ಅದೇ ಹೆಚ್ಚು. ಪರದೇಶಿ ಎಂದರೆ ಬೇರೆ ದೇಶದವನು ಎಂದಷ್ಟೇ ಪದದ ಅರ್ಥ. ಆದರೆ ಬಳಕೆಯಲ್ಲಿ ಅದು ದಿಕ್ಕಿಲ್ಲದವನು, ಹೇಳಕೇಳುವವರಿಲ್ಲದವನು ಎಂಬ ಅರ್ಥವನ್ನು ತಳೆದಿರುವುದು. ತಾಯಿತಂದೆಗಳು ತೀರಿಹೋದ ಕೂಸನ್ನು ಕಂಡು ಜನರು ‘ಪಾಪ, ಪರದೇಶಿಯಾಯಿತು’ ಎನ್ನುವರು. ಆ ಕೂಸು ಹುಟ್ಟಿದ ಊರನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಟ್ಟಿರುವುದಿಲ್ಲ. ಆದುದರಿಂದ ಪರದೇಶಿತನವನ್ನು ಮೈಲಿಗಳಿಂದ ಅಳೆಯಲಾಗದೆಂಬುದನ್ನು ನುಡಿಯು ತಾನೇ ಬಲ್ಲುದು.

ಹಾಗಾದರೆ ಅತಿಥಿಗೂ ಪರದೇಶಿಗೂ ಇರುವ ಭೇದವೇನು? ಧರ್ಮಶಾಸ್ತ್ರಕಾರರು ಅತಿಥಿಯ ಲಕ್ಷಣವನ್ನು ಹೇಳುವಾಗ, ಒಂದು ರಾತ್ರಿ ಮಾತ್ರ ತಂಗುವವನೆಂದು ವಿವರಿಸಿರುವರು. ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದ ಪುಣ್ಯವಂತರಲ್ಲಿ ಅನೇಕರು ಮೂರು ದಿನಗಳಿಗಿಂತ ಹೆಚ್ಚಾಗಿ ಯಾರೂ ಇರಕೂಡದೆಂದು ಕಟ್ಟುಮಾಡಿದ್ದರು. ಇದರಲ್ಲಿ ತಪ್ಪೇನೂ ಇಲ್ಲ. ಹೋಗುವವನೆಂದು ತಿಳಿದಿರುವುದರಿಂದಲೇ ಮನಸ್ಸು ಅರಳಿ ಕೊಡುತ್ತದೆ. ಆದರೆ ಬಂದವನು ಹೋಗದಿದ್ದರೆ? ಅವನನ್ನು ಕರೆತಂದ ಕೆಲಸವು ಐವತ್ತು ವರ್ಷ ನಡೆದು, ಅವನ ಮಕ್ಕಳು ಅಲ್ಲಿಯೇ ಹುಟ್ಟಿ, ಅವನ ಹಿರಿಯರ ಗೋರಿಗಳು ಅಲ್ಲಿಯೇ ಆದರೆ? ಆಗ ಅವನಿಗೆ ಸಲ್ಲತಕ್ಕದ್ದು ಏನು, ಮತ್ತು ಅದು ದಯೆಯೋ ಋಣವೋ ಎಂಬುದು ವಿಚಾರಯೋಗ್ಯವಾದ ವಿಷಯ.

ಈ ಪ್ರಶ್ನೆಯನ್ನು ಲೋಕದಲ್ಲಿ ಬಹುಕಾಲದಿಂದ ಎದುರಿಸಿದವರು ಬಂದರುಗಳ ಜನರು. ನಾವಿಕನು ಮನೆಯನ್ನು ಬಿಟ್ಟು ತಿಂಗಳುಗಟ್ಟಲೆ ನೀರಿನ ಮೇಲಿರುವನು. ಅವನು ಸಾಗಿಸುವ ಸರಕನ್ನು ಲಕ್ಷಾಂತರ ಜನರು ಉಣ್ಣುವರು, ಉಡುವರು. ಅವನ ಮುಖವನ್ನು ಮಾತ್ರ ಅವರಲ್ಲಿ ಯಾರೂ ಕಂಡಿರುವುದಿಲ್ಲ. ೧೮೩೫ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಕೊಲ್ಲಿಯ ತೀರದಲ್ಲಿ ಜಾನ್ ಆಶ್ಲಿ ಎಂಬ ಪಾದ್ರಿಗಳು ಲಂಗರು ಹಾಕಿ ನಿಂತಿದ್ದ ಹಡಗುಗಳನ್ನು ಕಂಡು, ಅವುಗಳಲ್ಲಿದ್ದವರನ್ನು ವಿಚಾರಿಸುವವರು ಯಾರೂ ಇಲ್ಲವೆಂದು ತಿಳಿದು, ದೋಣಿಯಲ್ಲಿ ಹೋಗಿ ಒಂದೊಂದು ಹಡಗನ್ನೂ ಕಾಣಲು ಮೊದಲುಮಾಡಿದರು. ಅಂತಹ ಪ್ರಯತ್ನಗಳಿಂದಲೇ ೧೮೫೬ರಲ್ಲಿ ಲಂಡನ್ನಿನಲ್ಲಿ ನಾವಿಕರ ಸೇವೆಗಾಗಿ ಒಂದು ದೊಡ್ಡ ಸಂಘವು ಹುಟ್ಟಿತು. ೧೯೨೦ರಲ್ಲಿ ಗ್ಲಾಸ್ಗೋ ನಗರದಲ್ಲಿ ಕ್ಯಾಥೊಲಿಕರ ಸಂಘವೊಂದು ಹುಟ್ಟಿತು. ಮಲಗಲು ಹಾಸಿಗೆ, ಮನೆಗೆ ಕಾಗದ ಬರೆಯಲು ಮೇಜು, ಕೂಲಿಯ ಹಣವನ್ನು ಮೋಸಗಾರರ ಕೈಗೆ ಸಿಕ್ಕದಂತೆ ಇಡುವ ಸ್ಥಳ, ಪ್ರಾರ್ಥಿಸಲು ಒಂದು ಮೂಲೆ, ಇವೇ ಇಂತಹ ಸೇವೆಯ ಮುಖ್ಯಾಂಶಗಳು.

ಈ ಕಥೆಯಲ್ಲಿ ಹಿಂದೂದೇಶದವರಿಗೂ ಒಂದು ಭಾಗವುಂಟು. ಇಂಗ್ಲಿಷರ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ನಾವಿಕರಿಗೆ ಲಸ್ಕರರೆಂದು ಹೆಸರು. ಲಂಡನ್ನಿಗೆ ತಲಪಿದ ಮೇಲೆ ಹಿಂದಿರುಗುವ ಹಡಗು ದೊರೆಯುವತನಕ ಅವರಲ್ಲಿ ಎಷ್ಟೋ ಮಂದಿ ಬೀದಿಯ ಪಾಲಾಗುತ್ತಿದ್ದರು. ಚಳಿಯಲ್ಲಿ ಸತ್ತವರೂ ಉಂಟು. ಇಂತಹವರಿಗಾಗಿ ೧೮೫೭ರಲ್ಲಿ ಲೈಮ್‌ಹೌಸ್ ಎಂಬ ಬಂದರುಕೇರಿಯಲ್ಲಿ ಒಂದು ವಸತಿಗೃಹವನ್ನು ತೆರೆದರು. ಅದಕ್ಕೆ ಇಟ್ಟ ಹೆಸರನ್ನು ಕನ್ನಡಿಸಿದರೆ ‘ಪರದೇಶಿಗಳ ಮನೆ’ ಎಂದಾಗುವುದು. ತನ್ನ ಪಂಜಾಬಿನಿಂದ ದೂರಮಾಡಲ್ಪಟ್ಟು ಇಂಗ್ಲೆಂಡಿನಲ್ಲಿದ್ದ ಮಹಾರಾಜ ದುಲೀಪಸಿಂಗನೂ ಅದಕ್ಕೆ ಧನಸಹಾಯ ಮಾಡಿದನು. ಪರದೇಶಿಗೆ ಪರದೇಶಿಯ ಸಂಕಟವು ಬೇಗ ತಿಳಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಕೋಲಾರದ ಸೀಮೆಗೂ ಕಡಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕಡಲು ಅಲ್ಲಿಂದ ಬಹುದೂರ. ವರ್ಷವಿಡೀ ಹರಿಯುವ ನದಿಯೂ ಆ ಸೀಮೆಯಲ್ಲಿಲ್ಲ. ಆದರೂ ಅಲ್ಲಿ ಒಂದು ಬಂದರು ಇತ್ತು. ಅದರ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರನ್ನು ಹೊತ್ತಿದ್ದ ಆ ಊರೇ ಇಂದಿನ ಬಂಗಾರಪೇಟೆ. ಮದರಾಸಿನಿಂದ ಬೆಂಗಳೂರಿಗೆ ಬರುವ ರೈಲಿನಿಂದ ಜನರು ಅಲ್ಲಿ ಇಳಿಯುವರು; ಅಲ್ಲಿಂದ ಕವಲೊಡೆದು ಮಾರಿಕುಪ್ಪಂವರೆಗೆ ಸುಮಾರು ಹತ್ತು ಮೈಲಿ ಹೋಗುವ ದಾರಿಯು ಚಿನ್ನದ ಗಣಿಗಳಿಗಾಗಿಯೇ ೧೮೯೦ರ ದಶಕದಲ್ಲಿ ಹಾಕಿದ್ದು. ೧೮೭೦ರ ದಶಕದಲ್ಲಿ ಲಾವೆಲ್ ಎಂಬ ಐರಿಷ್ ಸಿಪಾಯಿಯು ಚಿನ್ನವನ್ನು ಅರಸಲು ಅಪ್ಪಣೆ ಪಡೆದನು. ಮುಂದೆ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿಯು ೧೮೮೦ರ ದಶಕದಲ್ಲಿ ಗಣಿಗಳನ್ನು ನಿಲ್ಲಿಸಿತು. ಆ ಮೇಲೆ ಬಂಗಾರಪೇಟೆಯ ನಿಲ್ದಾಣದಲ್ಲಿ ಇಳಿದವರಾದರೂ ಯಾರು? ತಮ್ಮ ದೇಶದ ತಾಮ್ರ ತವರಗಳ ಗಣಿಗಳು ಸೊರಗಿದ್ದರಿಂದ ಹೊರಟ ಕಾರ್ನ್‌ವಾಲಿನವರು, ಇಟಲಿಯವರು, ಆಂಗ್ಲೋ-ಇಂಡಿಯನ್ನರು, ಎಲ್ಲರಿಗಿಂತ ಹೆಚ್ಚಾಗಿ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ತಮಿಳು ತೆಲುಗರ ಕೂಲಿಗಾರರು. ಈ ಕೂಲಿಗಾರರಲ್ಲಿ ಬಹುಮಂದಿ ತಮ್ಮ ಊರುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದವರು.

ಗಣಿಯವನಿಗೂ ನಾವಿಕನಿಗೂ ಇರುವ ಸಾಮ್ಯವು ಮೇಲುಮೇಲಿನದಲ್ಲ. ಇಬ್ಬರೂ ಜನರ ಕಣ್ಣಿಗೆ ಬೀಳದ ಸ್ಥಳದಲ್ಲಿ ದುಡಿಯುವರು. ಇಬ್ಬರ ಮೇಲೂ ಒಡೆಯನ ಗಡಿಯಾರವೇ ಸೂರ್ಯ. ಉಣ್ಣುವ ಅನ್ನ, ಮಲಗುವ ಜಾಗ, ಕಾಯಿಲೆಗೆ ಔಷಧ, ಎಲ್ಲವೂ ಒಬ್ಬನೇ ಒಡೆಯನ ಕೈಯಲ್ಲಿ. ಚಾಂಪಿಯನ್ ರೀಫ್ ಗಣಿಯು ಕೊನೆಗೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯೇ ಕಾದಿರುವುದು. ಒಮ್ಮೊಮ್ಮೆ ಯಾವ ಸೂಚನೆಯೂ ಇಲ್ಲದೆ ಸಿಡಿದು ಕುಸಿಯುವುದು. ಬೆಳಗ್ಗೆ ಪಂಜರದಲ್ಲಿ ಇಳಿದವನು ಸಂಜೆ ಏರಿ ಬರುವನೆಂಬ ನೆಚ್ಚಿಗೆ, ಬಿರುಗಾಳಿಯ ದಿನ ಬೆಸ್ತರ ಹೆಂಡತಿಗೆ ಎಷ್ಟಿರುವುದೋ ಅಷ್ಟೇ.

ಇಂತಹವರಿಗೆ ಯಾರು ಏನು ಮಾಡಿದರು? ಇಲ್ಲಿ ಮೊದಲು ಕಾಣುವ ಸಂಗತಿಯೆಂದರೆ, ಪರದೇಶಿಗಳೆಲ್ಲರೂ ಒಂದೇ ತೆರನಾಗಿ ಪರದೇಶಿಗಳಾಗಿರಲಿಲ್ಲ. ಆರು ಸಾವಿರ ಮೈಲಿಗಳಾಚೆಯಿಂದ ಬಂದವರಿಗೆ ಹೆಂಚಿನ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ತಮ್ಮ ತಮ್ಮ ಮತದ ದೇವಾಲಯಗಳು ಇದ್ದವು. ಒಂದೆರಡು ದಿನಗಳ ದಾರಿಯಿಂದ ಬಂದವರಿಗೆ ಬಿದಿರಿನ ತಟ್ಟಿಗಳಿಂದ ಮಾಡಿದ ಗುಡಿಸಲುಗಳ ಸಾಲು. ಕಡಲು ದಾಟಿದವನು ಮನೆಯಲ್ಲಿದ್ದಂತೆ ಇದ್ದನು. ಪಕ್ಕದ ಸೀಮೆಯವನು ಪರದೇಶಿಯಾದನು. ದೂರವು ಪರದೇಶಿಯನ್ನು ಮಾಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದೊರೆಯಲಾರದು.

ಆದರೂ ಕೂಲಿಗಾರನಿಗಾಗಿ ಏನೂ ಆಗಲಿಲ್ಲವೆನ್ನುವುದು ಅನ್ಯಾಯವಾಗುವುದು. ಗಣಿಗಳವರು ಆಸ್ಪತ್ರೆಯನ್ನು ಕಟ್ಟಿದರು. ಅದು ಬೆಳೆದು ಸೀಮೆಗೆಲ್ಲ ಹೆಸರಾಯಿತು. ಕ್ರೈಸ್ತ ಮಠಗಳವರು ಇಗರ್ಜಿಗಳನ್ನೂ ಶಾಲೆಗಳನ್ನೂ ತೆರೆದರು. ಚಾಂಪಿಯನ್ ರೀಫಿನ ವಿಜಯಮಾತೆಯ ದೇವಾಲಯವು ಇಂದಿಗೂ ನಿಂತಿರುವುದು. ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಕೆಲಸ ಮಾಡಿಸಿಕೊಳ್ಳುವವನು ಕೊಡುವ ಔಷಧವು ಧರ್ಮವೇ? ರೈತನು ಉಳುವ ಎತ್ತಿಗೆ ಹುರುಳಿಯನ್ನು ಇಕ್ಕುವನು; ಅದನ್ನು ದಾನವೆನ್ನುವವರಿಲ್ಲ. ಎತ್ತು ಮುದಿಯಾಗಿ, ನೊಗಕ್ಕೆ ಬಾರದಾದ ಮೇಲೂ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿದರೆ ಆಗ ಧರ್ಮದ ಮಾತು ಬರುವುದು. ಉಪಯೋಗವು ಇರುವತನಕ ಮಾಡಿದ ಉಪಕಾರವು ಲೆಕ್ಕದ ಪುಸ್ತಕಕ್ಕೆ ಸೇರಿದ್ದು. ಉಪಯೋಗವು ತೀರಿದ ಮೇಲೆ ಉಳಿದದ್ದಷ್ಟೇ ಧರ್ಮದ ಗಣನೆಗೆ ಬರತಕ್ಕದ್ದು.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಗಣಿಯ ಧೂಳಿನ ಸಂಗತಿಯು ಎದುರಿಗೆ ಬರುತ್ತದೆ. ಬಂಡೆಯನ್ನು ಕೊರೆಯುವಾಗ ಏಳುವ ನುಣುಪಾದ ಕಲ್ಲುಧೂಳು ಉಸಿರಿನೊಡನೆ ಒಳಗೆ ಸೇರಿ ಶ್ವಾಸಕೋಶವನ್ನು ಗಟ್ಟಿಮಾಡುವುದು. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಮದ್ದಿಲ್ಲ. ಕೆಲಸವನ್ನು ಬಿಟ್ಟಮೇಲೂ ಅದು ಬೆಳೆಯುತ್ತಲೇ ಇರುವುದು. ೧೯೪೦ರಿಂದ ೧೯೪೬ರವರೆಗೆ ಕೋಲಾರದ ಗಣಿಗಳಲ್ಲಿ ೭,೬೫೩ ಮಂದಿಯನ್ನು ವೈದ್ಯರು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ೪೪ ಮಂದಿಯಲ್ಲಿ ಆ ರೋಗವು ಕಂಡುಬಂದಿತು. ಅಪಘಾತದಲ್ಲಿ ಮುರಿದ ಕಾಲನ್ನು ಕಟ್ಟುವುದು ಆಸ್ಪತ್ರೆಗೆ ಸಾಧ್ಯ. ಮುಂದಿನ ಇಪ್ಪತ್ತು ವರ್ಷ ಉಸಿರಿಗಾಗಿ ಒದ್ದಾಡುವವನ ಭಾರವು ಯಾರದು? ಅವನು ತನ್ನ ಊರಿಗೆ ಹಿಂದಿರುಗಿದ್ದರೆ ಆ ಭಾರವು ಯಾವ ಪಾಪವನ್ನೂ ಅರಿಯದ ಒಂದು ಹಳ್ಳಿಯ ಗುಡಿಸಲಿಗೆ ಸೇರಿತು. ದೂರದಿಂದ ಕೂಲಿಗಾರರನ್ನು ತರಿಸುವುದರಲ್ಲಿ ಈ ಒಂದು ಅನುಕೂಲವೂ ಅಡಗಿರುವುದು: ಅವರ ದುಡಿಮೆಯು ಇಲ್ಲಿಗೆ, ಅವರ ಮುಪ್ಪು ಅಲ್ಲಿಗೆ.

ಇನ್ನು ಮನಸ್ಸಿಗೆ ಕೊಡುವ ಸಾಂತ್ವನದ ವಿಚಾರ. ದೇವರ ಹೆಸರಿನಲ್ಲಿ ಮಾಡುವ ಉಪಚಾರವು ದುಡಿಯುವವನನ್ನು ಮೆತ್ತಗೆ ಮಾಡಿ ಅನ್ಯಾಯವನ್ನು ಸಹಿಸುವಂತೆ ಮಾಡುವುದೆಂದು ಕೆಲವರು ಹೇಳುವರು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಊರುಬಿಟ್ಟವನಿಗೆ ಎಲ್ಲಕ್ಕಿಂತ ದೊಡ್ಡ ಹಸಿವು ಯಾವುದು? ತನ್ನ ಹೆಸರನ್ನು ಹಿಡಿದು ಕರೆಯುವವರು ಬೇಕೆಂಬ ಹಸಿವು. ಗಣಿಯ ಬಾಗಿಲಲ್ಲಿ ಅವನು ಒಂದು ಬಿಲ್ಲೆಯ ಸಂಖ್ಯೆ. ಚಿನ್ನವನ್ನು ಕದ್ದಿರಬಹುದೆಂದು ಮೈ ತಡವಿ ನೋಡಬೇಕಾದ ಒಂದು ಒಡಲು. ಮದುವೆಯಲ್ಲಿ, ನಾಮಕರಣದಲ್ಲಿ, ಮಣ್ಣುಮಾಡುವಾಗ ಅವನ ಹೆಸರನ್ನು ಗಟ್ಟಿಯಾಗಿ ಹೇಳಿದವರು ಯಾವ ಮತದವರಾಗಿದ್ದರೂ ಅವರು ಅವನಿಗೆ ಕೊಟ್ಟದ್ದು ಅಲ್ಪವಲ್ಲ.

ಪರರಿಂದ ದೊರೆತ ಸಾಂತ್ವನದಲ್ಲಿಯೇ ಈ ಜನರು ನಿಲ್ಲಲೂ ಇಲ್ಲ. ಮದರಾಸಿನ ಪಂಡಿತ ಅಯೋತಿದಾಸರು ಶೋಷಿತ ಜಾತಿಗಳವರಿಗೆ ಬೌದ್ಧಧರ್ಮದ ಮಾರ್ಗವನ್ನು ಬೋಧಿಸಿ, ೧೯೦೭ರಲ್ಲಿ ತಮಿಳಿನಲ್ಲಿ ಒಂದು ಪತ್ರಿಕೆಯನ್ನು ಹೊರಡಿಸಿದಾಗ, ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫುಗಳ ಕೂಲಿಗಾರರು ತಮ್ಮ ಗಳಿಕೆಯಿಂದ ಹಣವನ್ನು ಕೂಡಿಸಿ ಬೌದ್ಧಸಂಘದ ಶಾಖೆಗಳನ್ನು ಸ್ಥಾಪಿಸಿದರು. ೧೯೨೦ರ ದಶಕದಲ್ಲಿ ಆ ‘ತಮಿಳನ್’ ಪತ್ರಿಕೆಯು ಚಿನ್ನದ ಗಣಿಗಳ ನೆಲದಿಂದಲೇ ಮತ್ತೆ ಹೊರಟಿತು. ೧೯೩೦ರಲ್ಲಿ ಪ್ರತಿಯೊಬ್ಬ ಕೂಲಿಗಾರನ ಬೆರಳಚ್ಚನ್ನೂ ತೆಗೆದುಕೊಳ್ಳಬೇಕೆಂಬ ಏರ್ಪಾಡು ಬಂದಾಗ ಗಣಿಗಳೆಲ್ಲವೂ ಮುಷ್ಕರದಿಂದ ನಿಂತವು. ಅಪರಾಧಿಗಳಿಂದ ತೆಗೆದುಕೊಳ್ಳುವ ಗುರುತನ್ನು ದುಡಿದು ಉಣ್ಣುವವರಿಂದ ತೆಗೆದುಕೊಳ್ಳಬಾರದೆಂಬುದು ಅವರ ಅಭಿಪ್ರಾಯವಾಗಿತ್ತು. ಕೂಲಿಗಿಂತಲೂ ಮಾನವು ದೊಡ್ಡದೆಂದು ಬಡವರು ತಿಳಿಯರೆಂಬ ಭ್ರಮೆಯುಳ್ಳವರು ಈ ಪ್ರಸಂಗವನ್ನು ನೆನೆಯತಕ್ಕದ್ದು. ಉಪಕಾರವನ್ನು ಪಡೆಯುವವನು ಕೈಚಾಚುವವನಾಗಿಯೇ ಇರಬೇಕೆಂದು ಬಯಸುವ ಉಪಕಾರಿಯು ತನ್ನ ಪುಣ್ಯವನ್ನು ಮಾತ್ರ ಪ್ರೀತಿಸುವವನು.

ಇಲ್ಲಿಗೆ ನಾವಿಕನ ದಾರಿಯೂ ಗಣಿಯವನ ದಾರಿಯೂ ಬೇರೆಬೇರೆಯಾಗುವುವು. ನಾವಿಕನಿಗೆ ಮಾಡಬಹುದಾದ ಪರಮೋಪಕಾರವೆಂದರೆ ಅವನನ್ನು ಮನೆಗೆ ಮುಟ್ಟಿಸುವುದು. ೨೦೨೦ರಲ್ಲಿ ಕೋವಿಡ್ ಮಾರಿಯು ಬಂದು ಬಂದರುಗಳೆಲ್ಲ ಮುಚ್ಚಿದಾಗ, ಕರಾರಿನ ಅವಧಿಯು ಮುಗಿದಿದ್ದರೂ ಹಡಗಿನಿಂದ ಇಳಿಯಲಾರದೆ ಸುಮಾರು ನಾಲ್ಕು ಲಕ್ಷ ನಾವಿಕರು ಸಿಕ್ಕಿಬಿದ್ದಿದ್ದರು. ಹಿಂದೆ ಪಾದ್ರಿಗಳ ದಯೆಗೆ ಬಿಟ್ಟಿದ್ದ ಈ ವಿಷಯವು ಈಗ ಅಂತರರಾಷ್ಟ್ರೀಯ ಕಟ್ಟಳೆಗೆ ಒಳಪಟ್ಟಿದೆ. ೨೦೦೬ರಲ್ಲಿ ಅಂಗೀಕೃತವಾಗಿ ೨೦೧೩ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕರ ಒಡಂಬಡಿಕೆಯು ನಾವಿಕನನ್ನು ಮನೆಗೆ ಕಳುಹಿಸುವ ವೆಚ್ಚವು ಹಡಗಿನ ಒಡೆಯನದೆಂದು ವಿಧಿಸುವುದು. ಬಂದರುಗಳಲ್ಲಿ ಅವನ ಕ್ಷೇಮಕ್ಕಾಗಿ ಏರ್ಪಾಡುಗಳಿರಬೇಕೆಂದು ಹೇಳುವುದು. ಭಾರತವು ೨೦೧೫ರಲ್ಲಿ ಇದಕ್ಕೆ ಒಪ್ಪಿಗೆಯಿತ್ತಿತು. ೨೦೧೭ರಿಂದ, ಒಡೆಯನು ಹಡಗನ್ನು ಕೈಬಿಟ್ಟು ಓಡಿದರೆ ನಾವಿಕನ ಬಾಕಿಯಲ್ಲಿ ನಾಲ್ಕು ತಿಂಗಳವರೆಗಿನ ಸಂಬಳಕ್ಕೂ ಮರುಪ್ರಯಾಣಕ್ಕೂ ಮೊದಲೇ ಜಾಮೀನು ಇರಬೇಕೆಂಬ ನಿಯಮವೂ ಸೇರಿತು. ದಯೆಯಾಗಿ ಹುಟ್ಟಿದ್ದು ಹಕ್ಕಾಗಿ ಬೆಳೆಯಿತು. ದಯೆಗೆ ಇದಕ್ಕಿಂತ ಒಳ್ಳೆಯ ಗತಿಯು ಬೇರೊಂದಿಲ್ಲ.

ಆದರೆ ಗಣಿಯವನ ಮೊಮ್ಮಗನಿಗೆ ‘ನಿನ್ನ ಊರಿಗೆ ಹೋಗು’ ಎಂದರೆ ಅದು ಉಪಕಾರವಾಗುವುದೇ? ೧೯೫೬ರಲ್ಲಿ ಗಣಿಗಳು ಸರ್ಕಾರದ ವಶಕ್ಕೆ ಬಂದವು. ೨೦೦೧ರ ಫೆಬ್ರವರಿ ೨೮ರಂದು ಅವು ಮುಚ್ಚಿದವು. ಆಗ ಕೆಲಸದಲ್ಲಿ ಉಳಿದಿದ್ದವರು ಮೂರು ಸಾವಿರಕ್ಕೂ ಹೆಚ್ಚು. ಆ ಹೊತ್ತಿಗೆ ಕಾರ್ನ್‌ವಾಲಿನವರೂ ಇಟಲಿಯವರೂ ಹೋಗಿ ದಶಕಗಳೇ ಕಳೆದಿದ್ದವು. ಅವರಿಗೆ ಹೋಗಲು ಮನೆಯಿತ್ತು. ತಟ್ಟಿಗುಡಿಸಲಿನವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಿಂದಿರುಗುವ ಊರೆಂಬುದು ಇರಲಿಲ್ಲ. ಅವರ ಊರು ಅದೇ. ವಾಸವಿದ್ದ ಮನೆಗಳು ಮಾತ್ರ ಗಣಿಗೆ ಸೇರಿದ್ದವು. ಅವುಗಳ ಒಡೆತನದ ಪ್ರಶ್ನೆಯು ಮುಂದೆ ವರ್ಷಗಟ್ಟಲೆ ಎಳೆಯಿತು. ಆಸ್ಪತ್ರೆಯೂ ಬಾಗಿಲು ಹಾಕಿತು. ಸಯನೈಡು ಬೆರೆಸಿ ಚಿನ್ನವನ್ನು ಹಿಂಡಿದ ಮೇಲೆ ಬಿಸಾಡಿದ ಮಣ್ಣಿನ ದಿಬ್ಬಗಳು ಊರಿನ ನಡುವೆ ಗುಡ್ಡಗಳಂತೆ ಉಳಿದವು. ಗಾಳಿಯೆದ್ದರೆ ಅವುಗಳ ಧೂಳು ಮನೆಗಳೊಳಕ್ಕೆ ಬರುವುದು. ಹಡಗು ಮುಳುಗಿದರೂ ನಾವಿಕರಿಗೆ ದಡವೆಂಬುದೊಂದು ಉಂಟು; ಇಲ್ಲಿ ಮುಳುಗಿದ ಹಡಗೇ ದಡವಾಗಿತ್ತು.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳುವವರುಂಟು. ಕೋಲಾರವು ಕೆರೆಗಳನ್ನೇ ನಂಬಿದ ಬರದ ಸೀಮೆ; ಇಲ್ಲಿಯ ರೈತನ ಬವಣೆಯೇ ಬೆಟ್ಟದಷ್ಟಿರುವಾಗ ಹೊರಗಿನಿಂದ ಬಂದವರ, ಬೇರೆ ನುಡಿಯನ್ನಾಡುವವರ ಚಿಂತೆಯೇಕೆ ಎಂದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ದಯೆಯ ಲೆಕ್ಕದಲ್ಲಿ ನೋಡಿದರೆ ಹತ್ತಿರದವನೇ ಮೊದಲಿಗನು. ಇದ್ದ ಒಂದು ಬೊಗಸೆಯನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಋಣದ ಲೆಕ್ಕವು ಬೇರೆ. ಸಾಲಗಾರನು ತನ್ನ ಮಕ್ಕಳಿಗೆ ಉಣಿಸಿ ಉಳಿದರೆ ಕೊಡುವೆನೆನ್ನಲಾರನು.

ಆ ಋಣವು ಎಂತಹುದು? ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ತೊಂಬತ್ತು ಮೈಲಿಗಳಿಗಿಂತ ದೂರ ತಂತಿಯ ಮೇಲೆ ತಂದದ್ದು ಈ ಗಣಿಗಳಿಗಾಗಿ. ಆ ಕಾರ್ಯವು ನೆರವೇರಿದ್ದರಿಂದಲೇ ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಚಿನ್ನದ ಮೇಲಿನ ರಾಜಧನವು ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ದಶಕಗಳ ಕಾಲ ಹರಿದು ಬಂದಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ಎಂಟು ನೂರು ಟನ್ನು ಚಿನ್ನವು ಆ ನೆಲದಿಂದ ಮೇಲಕ್ಕೆ ಬಂದಿತೆನ್ನುವರು. ಸುಶಿಕ್ಷಿತರ ಮನೆಯಲ್ಲಿ ರಾತ್ರಿಯ ಹೊತ್ತು ಪುಸ್ತಕವನ್ನು ತೆರೆದು ಕುಳಿತವನ ದೀಪದ ಹಿಂದೆ ಒಬ್ಬ ತಮಿಳು ಕೂಲಿಗಾರನ ಉಸಿರು ಇದೆ. ಉಪ್ಪಿನ ಋಣ, ಅನ್ನದ ಋಣಗಳನ್ನು ಬಲ್ಲ ಕನ್ನಡಿಗನಿಗೆ ಬೆಳಕಿನ ಋಣವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಆ ಉಸಿರು ಯಾವ ನುಡಿಯದೆಂದು ಕೇಳುವುದು ಸಾಲವನ್ನು ಒಪ್ಪದವನು ಹೇಳುವ ನೆವದಂತಹುದು.

ಹಾಗಾದರೆ ಮಾಡತಕ್ಕದ್ದೇನು? ಧರ್ಮವೆಂದರೆ ಹಣವೊಂದೇ ಅಲ್ಲ. ದುಡಿಯಲು ಬಂದವನ ಹೆಸರನ್ನು ಕೇಳುವುದು. ಅವನ ನುಡಿಯನ್ನು ಹೀಯಾಳಿಸದಿರುವುದು. ಈ ನಾಡಿನ ನುಡಿಯನ್ನು ಅವನ ಮಕ್ಕಳಿಗೆ ಪ್ರೀತಿಯಿಂದ ಕಲಿಸುವುದು. ಹೋಗಬೇಕೆನ್ನುವವನಿಗೆ ದಾರಿಯನ್ನೂ, ಉಳಿಯಬೇಕೆನ್ನುವವನಿಗೆ ನೆಲೆಯನ್ನೂ ಕೊಡುವುದು. ದುಡಿಮೆಯಿಂದ ಬಂದ ರೋಗವನ್ನು ದುಡಿಸಿಕೊಂಡವರೇ ಹೊರುವಂತೆ ಕಟ್ಟಳೆಯನ್ನು ಮಾಡುವುದು. ಇವುಗಳಲ್ಲಿ ಕೆಲವು ಸರ್ಕಾರದ ಕೆಲಸ, ಕೆಲವು ಸಂಘಗಳ ಕೆಲಸ, ಮೊದಲಿನವು ಪ್ರತಿಯೊಂದು ಮನೆಯ ಕೆಲಸ.

ಉಪಕಾರವನ್ನು ಪಡೆದವರು ಕೊಡುವವರಾಗಲಾರರೆಂದು ಯಾರಿಗಾದರೂ ಸಂಶಯವಿದ್ದರೆ ೨೦೨೧ರ ಮೇ ತಿಂಗಳನ್ನು ನೆನೆಯಬಹುದು. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಹಾಸಿಗೆಗಳು ಸಾಲದೆಹೋದಾಗ, ಇಪ್ಪತ್ತು ವರ್ಷ ಮುಚ್ಚಿದ್ದ ಗಣಿಯ ಆಸ್ಪತ್ರೆಯೊಳಕ್ಕೆ ಸ್ವಯಂಸೇವಕರು ಹೊಕ್ಕರು. ಧೂಳನ್ನು ಗುಡಿಸಿದರು, ಗೋಡೆಗಳನ್ನು ತೊಳೆದರು, ಮಂಚಗಳನ್ನು ಸರಿಪಡಿಸಿ ಕೆಲವೇ ದಿನಗಳಲ್ಲಿ ಅದನ್ನು ರೋಗಿಗಳಿಗೆ ಅಣಿಮಾಡಿದರು. ಹಿಂದೆ ಎತ್ತಿಗೆ ಇಕ್ಕಿದ ಹುರುಳಿಯಂತೆ ಕಟ್ಟಿದ ಆ ಕಟ್ಟಡವು, ಯಾರ ಲಾಭಕ್ಕೂ ಅಲ್ಲದೆ ತೆರೆದ ಆ ದಿನ ಧರ್ಮದ ಸ್ಥಾನವಾಯಿತು.

ಬೆಳಕು ಹರಿಯುವುದಕ್ಕೆ ಮೊದಲೇ ಮಾರಿಕುಪ್ಪಂನಿಂದಲೂ ಬಂಗಾರಪೇಟೆಯಿಂದಲೂ ಬೆಂಗಳೂರಿಗೆ ಹೊರಡುವ ರೈಲುಗಳಲ್ಲಿ ಇಂದು ಗಣಿಗಾರರ ಮಕ್ಕಳೂ ಮೊಮ್ಮಕ್ಕಳೂ ಕೆಲಸಕ್ಕಾಗಿ ಹೋಗುವರು, ರಾತ್ರಿಗೆ ಹಿಂದಿರುಗುವರು. ಅದೇ ಹಳಿಗಳ ಮೇಲೆ ದೂರದ ಬಿಹಾರ, ಒಡಿಶಾ, ಅಸ್ಸಾಮುಗಳಿಂದ ಮತ್ತೆ ಬೇರೆ ಜನರು ಬೆಂಗಳೂರಿನ ಕಡೆಗೆ ಬರುತ್ತಿರುವರು. ಅವರನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ನಿಶ್ಚಯಿಸುವ ಭಾರವು ಬಂದವರ ಮೇಲಿಲ್ಲ. ಮೊದಲೇ ನೆಲೆಯೂರಿ ಕುಳಿತವರ ಮೇಲಿದೆ.